ಕೋಟಿನ ಜೇಬಿನ ಕೀ

ಸ್ಪಿರಿಟ್ಟಿನ ವಾಸನೆ, ಇಲ್ಲ, ಅದರ ಹಿಂದೆ ಇನ್ನೊಂದು, ನಾಣ್ಯವನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದಾಗ ಬರುವಂಥದ್ದು, ಅದು ಕೀಯ ಒಳಗಿನಿಂದ ಬರುತ್ತಿದೆ, ಗಂಡ ಆರ್ವೋನ ಕೀ, ಹನ್ನೊಂದು ವರ್ಷ ಅವನ ಜೇಬಿನಲ್ಲಿ ಅಲೆದ ಕಾರಿನ ಕೀ, ಈಗ ಎರಡು ಹೋಳಾಗಿ ಅಡುಗೆಮನೆಯ ಮೇಜಿನ ಮೇಲೆ ಭಾನುವಾರದ ಪೇಪರ್ ಹಾಸಿಕೊಂಡು ಬಿದ್ದಿದೆ, ಬೆಣ್ಣೆ ಚೂರಿಯ ತುದಿ ತೂರಿಸಿ ತಿರುಗಿಸಿದ್ದೇ ತಡ ಟಪ್ ಅಂತ ಬಾಯಿ ಬಿಟ್ಟಿತು, ಇಷ್ಟು ಸುಲಭ ಅಂತ ಗೊತ್ತಿದ್ದರೆ — ಗೊತ್ತಿದ್ದರೂ ಸೈಮಾ ಮುಟ್ಟುತ್ತಿರಲಿಲ್ಲ, ಅವನು ಮಾಡುತ್ತೇನೆ ಅಂದಿದ್ದನಲ್ಲ, ಶನಿವಾರ ಮಾಡ್ತೀನಿ ಕಣೇ, ಬಟನ್ನಿನ ರಬ್ಬರ್ ಹರಿದಿದೆ, ಹೊಸದು ತರಿಸ್ತಿದೀನಿ, ಬರ್ಲಿ, ನವೆಂಬರ್, ಜಿಂಕೆ ಬೇಟೆಯ ತಿಂಗಳು ಪೂರ್ತಿ ಇದೇ ರಾಗ, ಯಾವ ಶನಿವಾರ ಮಹರಾಯ ಅಂತ ಕೇಳಿದರೆ, ಶನಿವಾರಗಳಿಗೇನು ಬರಗಾಲವೇ ಅನ್ನುತ್ತಿದ್ದ, ಡಿಸೆಂಬರಿನ ಒಂದು ಗುರುವಾರ ಹಿಮ ಎತ್ತುತ್ತ ಸಲಿಕೆಗೆ ಒರಗಿ ಕೂತವನು ಏಳಲಿಲ್ಲ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ನಾಲ್ಕನೇ ದಿನಕ್ಕೆ ರಬ್ಬರ್ ಟಪಾಲಿನಲ್ಲಿ ಬಂತು, ಲಕೋಟೆಯ ಮೇಲೆ ಶ್ರೀ ಆರ್ವೋ ನಿಯೆಮಿ, ಅದನ್ನು ಒಡೆಯುವ ಧೈರ್ಯವಿಲ್ಲದೆ ಫ್ರಿಜ್ಜಿನ ಮೇಲಿಟ್ಟಳು, ಮೂರು ತಿಂಗಳು ಅದು ಅಲ್ಲೇ ಇತ್ತು, ಇವತ್ತು ಒಡೆದಿದ್ದಾಳೆ.

ಹಳೆ ರಬ್ಬರಿನಲ್ಲಿ ಅವನ ಹೆಬ್ಬೆರಳಿನ ಗುಳಿ ಇದೆ, ಬೀಗ ತೆಗೆಯುವ ಬಟನ್ನಿನ ಮೇಲೆ ಮಾತ್ರ, ಉಳಿದವು ಹೊಸದರ ಹಾಗೇ ಇವೆ, ಮನುಷ್ಯನಿಗೆ ತಾಳ್ಮೆ ಅನ್ನೋದೇ ಇರಲಿಲ್ಲ, ಚರ್ಚಿಗೆ ಹೊರಡುವಾಗ ಕಾಲು ಗಂಟೆ ಮುಂಚೆಯೇ ಅಂಗಳದಲ್ಲಿ ಕಾರಿನ ಪಕ್ಕ ನಿಂತು ಬಟನ್ ಒತ್ತುತ್ತಿದ್ದ, ದೀಪ ಎರಡು ಸಲ ಮಿನುಗಿ ಅಡುಗೆಮನೆಯ ಪರದೆ ಹಳದಿಯಾಗುತ್ತಿತ್ತು, ಎರಡು ಸಲ, ಬಾರೇ ಅಂತ ಅರ್ಥ, ಹಾರ್ನ್ ಮಾಡಿದರೆ ಪಕ್ಕದ ಮನೆಯವರು ಏನಂದುಕೊಂಡಾರು ಅಂತ ಸಂಕೋಚ, ದೀಪಕ್ಕೆ ಸಂಕೋಚವಿಲ್ಲ, ಇವಳು ಒಲೆ ಆರಿಸಿ, ಏಲಕ್ಕಿ ರೊಟ್ಟಿಗೆ ಬಟ್ಟೆ ಮುಚ್ಚಿ, ಬೂಟಿನೊಳಗೆ ಕಾಲು ತುರುಕುತ್ತ, ಬಂದೆ ಕಣೋ ಬಂದೆ, ಮೂವತ್ತೆಂಟು ವರ್ಷ ಬಂದೆ ಬಂದೆ ಅಂದದ್ದೇ ಆಯಿತು, ಆಮೇಲೆ ಜನವರಿಯಲ್ಲಿ, ಅವನು ಹೋಗಿ ಐದು ವಾರಕ್ಕೆ, ಪಾತ್ರೆ ತೊಳೆಯುತ್ತಿದ್ದಾಳೆ, ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಪರದೆ ಹಳದಿಯಾಯಿತು, ಎರಡು ಸಲ. ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಬಂದೆ ಅಂದುಬಿಟ್ಟಳು, ಬಾಯಿ ತಾನೇ ಅಂದಿತು, ಬೂಟು ಹಾಕಿಕೊಳ್ಳದೆ ಬರೀ ಕಾಲುಚೀಲದಲ್ಲಿ ಅಂಗಳಕ್ಕೆ ಓಡಿದರೆ ಕಾರು, ಹಿಮ, ಕಾರಿನ ಸುತ್ತ ಹೆಜ್ಜೆ ಗುರುತೂ ಇಲ್ಲ. ಆಮೇಲೆ ವಾರಕ್ಕೆ ಎರಡು ಮೂರು ಸಲ ಹೀಗೇ, ಯಾರ ಹತ್ತಿರವೂ ಹೇಳಲಿಲ್ಲ, ಹೇಳಿದರೆ ನಾದಿನಿ ಹೆಲ್ವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ, ಸುಮ್ಮನೆ ಪ್ರತಿ ಸಲ ಕಿಟಕಿಗೆ ಬಂದು ಬಂದೆ ಅನ್ನುತ್ತಾಳೆ, ಅಷ್ಟು ಅಂದರೆ ಆ ದಿನಕ್ಕೆ ಊಟ ಸೇರುತ್ತದೆ, ಅಷ್ಟೇ ತಾನೆ, ಯಾರಿಗೇನು ನಷ್ಟ.

ನಷ್ಟ ಇತ್ತು, ಬೀಗ ತೆಗೆದುಕೊಂಡಾಗಲೆಲ್ಲ ಕಾರಿನ ಒಳಗಿನ ದೀಪ ಹತ್ತಿ ಬ್ಯಾಟರಿ ಸತ್ತುಹೋಗುತ್ತಿತ್ತು, ಈ ತಿಂಗಳಲ್ಲೇ ಮೂರು ಸಲ, ಶಾಲೆಯ ಅಡುಗೆಮನೆಗೆ ಇವಳು ಆರೂವರೆಗೆ ಹೋಗದಿದ್ದರೆ ಇನ್ನೂರು ಮಕ್ಕಳಿಗೆ ತಿಂಡಿ ಇಲ್ಲ, ಮೇಡಂ ಕೋಪ ಮಾಡಿಕೊಳ್ಳಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಮೆತ್ತಗೆ ಹೇಳಿದರು, ಸೈಮಾ, ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೆಳಿಗ್ಗೆ ಪಕ್ಕದ ಮನೆಯ ವರ್ನ್ ತನ್ನ ಟ್ರಕ್ಕಿನಿಂದ ವೈರು ಕೊಟ್ಟು ಕಾರಿಗೆ ಜೀವ ಬರಿಸಿದ, ಗ್ಯಾರೇಜಿನಲ್ಲಿ ನಲವತ್ತು ವರ್ಷ ದುಡಿದ ಮುದುಕ, ಆರ್ವೋನ ಜೊತೆ ಬೇಟೆ ಗುಡಿಸಲಿನಲ್ಲಿ ಇಸ್ಪೀಟಾಡಿ ಸೋತು ಬರುತ್ತಿದ್ದವನು, ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದ ಕೀಯನ್ನು ಕೈಗೆ ತಗೊಂಡು ಒಂದು ಸಲ ಅದುಮಿ ನೋಡಿದ, ನೋಡಮ್ಮ, ರಬ್ಬರ್ ಹರ್ದು ಒಳಗೆ ಅಂಟ್ಕೊಂಡಿದೆ, ಥಂಡಿ ಬಿದ್ದಾಗೆಲ್ಲ ತಾನೇ ಒತ್ಕೊಳ್ತಿದೆ, ನಿನ್ ಬ್ಯಾಟರಿ ತಿಂತಿರೋ ಕಳ್ಳ ಇದೇ. ತಾನೇ ಒತ್ತಿಕೊಳ್ಳುತ್ತಿದೆ. ಅವಳು ಹೂಂ ಅಂದಳು, ಕಾಫಿ ಕುಡೀತೀಯ ಅಂತ ಕೇಳಿದಳು, ಅವನು ಹೋದ ಮೇಲೆ ಕುರ್ಚಿಯಲ್ಲಿ ಕೂತು ಅತ್ತಳು, ಪ್ರಾರ್ಥನೆಯ ದಿನಕ್ಕಿಂತ ಜಾಸ್ತಿ ಅತ್ತಳು, ರಬ್ಬರಂತೆ, ಇಷ್ಟು ದಿನ ಬಂದೆ ಅಂದದ್ದು ಒಂದು ಹರಿದ ರಬ್ಬರಿಗೆ.

ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೀಯ ಒಳಗಿನ ಸರ್ಕ್ಯೂಟಿನ ಹಸಿರು ಚೂರನ್ನು ಒರೆಸುತ್ತಾಳೆ, ಕಪ್ಪು ಜಿಡ್ಡು ಬರುತ್ತದೆ, ಅವನ ಬೆವರು, ಮೀನಿನ ಎಣ್ಣೆ, ತಂಬಾಕಿನ ಪುಡಿ, ಒರೆಸಬೇಕೋ ಬೇಡವೋ, ಒರೆಸಬೇಕು, ನಾಳೆ ಸೋಮವಾರ, ಹೊಸ ಸೆಲ್ಲು, ಅಕ್ಷರ ಇರುವ ಕಡೆ ಮೇಲೆ, ಹೊಸ ರಬ್ಬರು, ಹಳೆಯದನ್ನು ಎಸೆಯಲಾರದೆ ಸಕ್ಕರೆ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿದಳು, ಹೊರಗೆ ಹೋಗಿ ಒತ್ತಿದರೆ ಕಾರು ಕಲ್ಲಿನ ಹಾಗೆ ನಿಂತಿದೆ, ಮಿಣಕ್ ಅನ್ನಲಿಲ್ಲ, ಬೇಲಿಯಾಚೆ ಹಿಮ ಎತ್ತುತ್ತಿದ್ದ ವರ್ನ್ ಅಲ್ಲಿಂದಲೇ ಕೂಗಿದ, ಗುರುತು ಮರ್ತಿದೆ ಅದು, ಮತ್ತೆ ಪರಿಚಯ ಮಾಡಿಸ್ಬೇಕು, ಒಳಗೆ ಕೂತ್ಕೊಂಡು ಬಾಗಿಲು ಹಾಕ್ಕೊ, ಕೀನ ಎಂಟು ಸಲ ಬೇಗ ಬೇಗ ತಿರುಗ್ಸು, ಬೀಗಗಳು ಟಕ್ ಅಂತವೆ, ಆಗ ಬಟನ್ ಒತ್ತು, ಆಮೇಲೆ ಇನ್ನೊಂದ್ ಕೀದೂ ಒತ್ಬೇಕು ಮತ್ತೆ, ಇಪ್ಪತ್ತು ಸೆಕೆಂಡ್ ಕಾಯತ್ತೆ, ಆಗ ಒತ್ತದೇ ಇರೋ ಕೀನ ಕಾರು ಮರ್ತುಬಿಡತ್ತೆ, ನಿನ್ ಕೀ ಎಲ್ಲಿ? ಆರ್ವೋ ಹತ್ರ ಇದೆ, ಅಂದಳು. ವರ್ನ್ ಸಲಿಕೆ ಹಿಮಕ್ಕೆ ಚುಚ್ಚಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಹಂಗಾದ್ರೆ ಒಂದೇ ಸಾಕು ಬಿಡಮ್ಮ.

ಆರ್ವೋ ಕೀ ಇಲ್ಲದೆ ಹೊಸ್ತಿಲು ದಾಟಿದವನಲ್ಲ, ಬಲಗಡೆ ಜೇಬು ತಟ್ಟಿ ನೋಡಿಕೊಂಡೇ ಹೊರಡುವವನು, ಅದಕ್ಕೇ ಶವಪೆಟ್ಟಿಗೆ ಮುಚ್ಚುವ ಮುಂಚೆ ಬ್ಯಾಗಿಗೆ ಕೈ ಹಾಕಿ ಸಿಕ್ಕಿದ ಕೀಯನ್ನು ಅವನ ಕೋಟಿನ ಜೇಬಿಗೆ ಇಳಿಸಿದ್ದಳು, ಕಣ್ಣು ಮಂಜಾಗಿತ್ತು, ಮನೆಗೆ ಬಂದು ನೋಡಿದರೆ ಅವನದು ಮೊಳೆಯಲ್ಲೇ ಇದೆ, ಕೊಟ್ಟದ್ದು ತನ್ನದು, ಸರಿಯಾಗಿ ಕೆಲಸ ಮಾಡುವಂಥದ್ದು, ಹೋಗಲಿ, ಒಳ್ಳೆಯದನ್ನೇ ಒಯ್ದ, ಹೋದನೇ ಎಲ್ಲಿ, ಹೋಗಲೂ ಇಲ್ಲ, ಈ ಊರಿನ ನೆಲ ಚಳಿಗಾಲದಲ್ಲಿ ಗುದ್ದಲಿಗೆ ಬಗ್ಗುವುದಿಲ್ಲ, ಮೇ ತಿಂಗಳು ಬಂದು ಮಣ್ಣು ಸಡಿಲವಾಗುವ ತನಕ ಚಳಿಗಾಲದಲ್ಲಿ ಸತ್ತವರೆಲ್ಲ ಸ್ಮಶಾನದ ಕಲ್ಲುಕೋಣೆಯಲ್ಲಿ ಸಾಲಾಗಿ ಕಾಯಬೇಕು, ತಾಳ್ಮೆ ಇಲ್ಲದವನು ಅಲ್ಲಿ ಹೇಗೆ ಕಾಯುತ್ತಿದ್ದಾನೋ, ಕಾರು ಸ್ಮಶಾನದ ರಸ್ತೆಗೆ ತಿರುಗಿದೆ, ಯಾವಾಗ ತಿರುಗಿಸಿದಳೋ, ಎರಡು ಕೀಗಳೂ ಹತ್ತಿರ ಇರಬೇಕು ಅಂತ ತಾನೇ ವರ್ನ್ ಹೇಳಿದ್ದು, ಹುಚ್ಚಿ, ಹತ್ತಿರ ಇದ್ದರೆ ಸಾಕೇ, ಯಾರೂ ನೋಡುತ್ತಿಲ್ಲ, ಕಲ್ಲುಕೋಣೆಯ ಹಸಿರು ಕಬ್ಬಿಣದ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ಕಾರಿನ ಮೂತಿ ಅದರ ಕಡೆಗೇ ಮಾಡಿ ನಿಲ್ಲಿಸಿದಳು, ಎಂಟು ಸಲ ತಿರುಗಿಸಿದಳು, ಟಕ್, ತನ್ನ ಕೈಯಲ್ಲಿದ್ದ ಅವನ ಕೀ ಒತ್ತಿದಳು, ಟಕ್, ಒಪ್ಪಿಕೊಂಡಿತು, ಈಗ ಇನ್ನೊಂದಕ್ಕೆ ಕಾಯುತ್ತಿದೆ, ಅವಳೂ ಕಾಯುತ್ತಿದ್ದಾಳೆ, ಒತ್ತೋ, ಬಲಗಡೆ ಜೇಬು ಕಣೋ, ಏಳು, ಎಂಟು, ಯಾವಾಗಲೂ ನಾನೇ ತಡ ಅಂತ ಬೈತಿದ್ದೆಯಲ್ಲ, ಹನ್ನೆರಡು, ಬಾಗಿಲಿನ ಮೇಲೆ ಹಿಮ ಕೂತಿದೆ, ಹದಿನೈದು, ಒಂದೇ ಒಂದು ಸಲ, ಹತ್ತೊಂಬತ್ತು — ಟಕ್. ಎಲ್ಲ ಬೀಗಗಳೂ ಒಟ್ಟಿಗೆ, ಹೊತ್ತು ಮುಗಿಯಿತು. ಕಾರು ಅವನನ್ನು ಮರೆಯಿತು.

ಇಳಿದಳು. ಬಾಗಿಲು ಹಾಕಿದಳು. ಹೊಸ ರಬ್ಬರ್ ನುಣ್ಣಗಿದೆ, ಗುಳಿ ಇಲ್ಲ, ಹೆಬ್ಬೆರಳಿಟ್ಟು ಒತ್ತಿದಳು, ದೀಪ ಮಿನುಗಿತು, ಕಬ್ಬಿಣದ ಬಾಗಿಲು ಹಳದಿಯಾಯಿತು, ಎರಡು ಸಲ, ಒಳಗಿನಿಂದ ಯಾರೂ ಬಂದೆ ಅನ್ನಲಿಲ್ಲ, ಮತ್ತೆ ಒತ್ತಿದಳು, ಹಳದಿ, ಎರಡು ಸಲ, ಮತ್ತೆ, ಬಾಗಿಲು, ಹಳದಿ, ಎರಡು ಸಲ