ಕ್ಲಿಪ್ಪಿನ ಚಾಕು

ಎರಡು ಸ್ಕ್ರೂ ಸುಲಭಕ್ಕೆ ಬಂದವು, ಮೂರನೆಯದು ಹಟ ಹಿಡಿಯಿತು. ಸುಬ್ಬಲಕ್ಷ್ಮಿ ಮಡಚುವ ಚಾಕುವನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದು, ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುವುತ್ತಲೇ ಇದ್ದಳು. ಚೌತಿ ಕಳೆದ ವಾರದ ಬಿಸಿಲು ಅಂಗಳದಲ್ಲಿ ನಿದ್ದೆಗಣ್ಣಿನಲ್ಲಿ ಬಿದ್ದುಕೊಂಡಿತ್ತು.

"ಚಂದದ ಕ್ಲಿಪ್ಪು. ಎಂತಕ್ಕೆ ಕೀಳ್ತೆ ಅದ್ನ?" ಎಂದ ಗಂಡ ವೆಂಕಟ್ರಮಣ.

ಅವಳು ಬಲಗೈ ಬಿಡಿಸಿ ತೋರಿಸಿದಳು. ಹೆಬ್ಬೆರಳಿನ ಬುಡದಿಂದ ಅಂಗೈಯ ನಡುವಿನವರೆಗೆ ಕೆಂಪು ಗೆರೆ. ಕ್ಲಿಪ್ಪಿನ ಉದ್ದ, ಕ್ಲಿಪ್ಪಿನ ಅಗಲ, ತುದಿಯ ತೂತೂ ಅಚ್ಚೊತ್ತಿದಂತೆ ಮೂಡಿತ್ತು.

"ಹಿಡಿದಾಗೆಲ್ಲ ಇಲ್ಲಿ ಒತ್ತತು. ಒತ್ತಿದ್ರೆ ಕೈ ವಾಲ್ತು. ಕೈ ವಾಲಿದ್ರೆ ಕಸಿ ಕಡ್ಡಿ ಬೆಣೆ ವಾರೆ ಆಗ್ತು. ಕಸಿ ಸತ್ತೋಪದು ಅದಕ್ಕೇಯ," ಎಂದಳು. ಅಷ್ಟರಲ್ಲಿ ಮೂರನೆಯ ಸ್ಕ್ರೂ ಸೋತು, ಕ್ಲಿಪ್ಪು ಟಣ್ಣೆಂದು ಜಗುಲಿಯ ಮೇಲೆ ಬಿತ್ತು. ಅವಳು ಅದನ್ನು ಹೆಕ್ಕಿ, ಮೂರೂ ಸ್ಕ್ರೂಗಳ ಜೊತೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಟ್ಟ ಮೇಲೂ ಒಮ್ಮೆ ಬೆರಳಿನಿಂದ ಸವರಿ ನೋಡಿದಳು. ಅಷ್ಟು ಸುಖ ಕೊಟ್ಟಿತ್ತು ಆ ಕ್ಲಿಪ್ಪು.

ಆ ಸುಖದ ಕಥೆ ಹೇಳಿದರೆ ಹೆಗ್ಗರಣೆ ಕಡೆಯ ಗಂಡಸರಿಗೆ ನಗು ಬರಬಹುದು. ಅವರಿಗೆ ಹುಡುಗರಾಗಿದ್ದಾಗಲೇ ಸೊಂಟಕ್ಕೊಂದು ಕತ್ತಿಕೊಕ್ಕೆ ಬಂದಿರುತ್ತದೆ. ಬೆನ್ನ ಹಿಂದೆ ಕತ್ತಿ ತೂಗಾಡಿಸಿಕೊಂಡು ಗುಡ್ಡ ಬೆಟ್ಟ ಸುತ್ತುತ್ತಾರೆ. ಹೆಂಗಸರ ಪಾಲಿನದು ಮೆಟ್ಟುಗತ್ತಿ. ಮರದ ಮಣೆಗೆ ನೆಟ್ಟ ಅಲಗು. ಮಣೆಯನ್ನು ಕಾಲಿನಿಂದ ಮೆಟ್ಟಿ ಕೂತರೆ ಅಡಿಕೆ ಸುಲಿಯಬಹುದು, ಹಲಸು ಹೆಚ್ಚಬಹುದು. ಎದ್ದು ಹೊರಗೆ ಹೋಗುವಾಗ ಒಯ್ಯುವಂತಿಲ್ಲ. ತೋಟದಲ್ಲಿ ಒಂದು ಬಾಳೆಲೆ ಬೇಕಾದರೂ ಸುಬ್ಬಲಕ್ಷ್ಮಿ "ಸ್ವಲ್ಪ ಕತ್ತಿ ಕೊಡಿ" ಎಂದು ಯಾರ ಬೆನ್ನಿಗಾದರೂ ಕೂಗಬೇಕಿತ್ತು. ಹೀಗೆ ಕೂಗಿ ಕೂಗಿಯೇ ಅವಳಿಗೆ ಐವತ್ತಮೂರು ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಶಿರಸಿಯ ಒಂದು ಶಿಬಿರದಲ್ಲಿ ಕಸಿ ಕಟ್ಟುವುದನ್ನು ಕಲಿತು ಬಂದಳು. ಕಳೆದ ದೀಪಾವಳಿಗೆ ತಂಗಿಯ ಮಗ ಶಶಾಂಕ ಈ ಚಾಕು ತಂದುಕೊಟ್ಟ. ಯಲ್ಲಾಪುರದ ಕಾಲೇಜಿನಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು ಅವನು. ಆದರೆ ಚಾಕುವಿನ ಹುಚ್ಚು. ಜಗುಲಿಯಲ್ಲಿ ಕೂತು ಪಾಠ ಶುರುಮಾಡಿದ್ದ.

"ದೊಡ್ಡಾಯಿ, ಕ್ಲಿಪ್ ಇದ್ರೆ ಚಾಕು ಜೇಬಿನ ತಳಕ್ಕೆ ಬೀಳ್ತಿಲ್ಲೆ, ಅಡ್ಡ ಮಲಗ್ತಿಲ್ಲೆ. ಕೈ ಹಾಕಿದ್ರೆ ಸೀದಾ ಸಿಕ್ತು. ಬೇಡ ಹೇಳೋರೂ ಇದ್ದ. ಜೇಬಿನ ಅಂಚು ಹರೀತು, ಕಂಡಕಂಡಲ್ಲಿ ಸಿಕ್ಕಿಹಾಕ್ಕತ್ತು, ಚಾಕು ಇದ್ದು ಹೇಳಿ ಊರಿಗೆಲ್ಲ ಗೊತ್ತಾಗ್ತು ಹೇಳಿ."

"ಅದೆಲ್ಲಾ ಸರಿ ತಮಾ. ಯಂಗೆ ಜೇಬೆಲ್ಲಿದ್ದು?"

ಉತ್ತರ ಕಂಡುಕೊಂಡವಳು ಅವಳೇ. ಸೀರೆಯ ನಿರಿಗೆ ಸಿಕ್ಕಿಸುವ ಜಾಗದ ಪಕ್ಕ, ಎಡಸೊಂಟದಲ್ಲಿ, ಕ್ಲಿಪ್ಪನ್ನು ಮೆಲ್ಲಗೆ ಜಾರಿಸಿದಳು. ಅದು ಕಚ್ಚಿಕೊಂಡಿತು. ಎದ್ದಳು, ಬಗ್ಗಿದಳು, ಅಂಗಳದ ತುದಿಯವರೆಗೆ ನಡೆದು ಬಂದಳು. ಬೀಳಲಿಲ್ಲ. ಆ ಹೊತ್ತು ಅವಳಿಗಾದ ಸಂತೋಷ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಮಧ್ಯಾಹ್ನ ಮಲಗಿದಾಗಲೂ ಚಾಕು ಸೊಂಟದಲ್ಲೇ ಇತ್ತು. ಅರೆನಿದ್ದೆಯಲ್ಲಿ ಅವಳು ಗುಡ್ಡದಿಂದ ಗುಡ್ಡಕ್ಕೆ ಹಗುರಾಗಿ ನಡೆದು ಹೋಗುತ್ತಿದ್ದಳು, ಕೇಳಿದ ಮರವೆಲ್ಲ ತಾನಾಗಿ ಒಂದೊಂದು ಕಡ್ಡಿ ಕೊಡುತ್ತಿತ್ತು.

ಶಶಾಂಕ ಹೇಳಿದ ತಾಪತ್ರಯಗಳು ಒಂದೊಂದಾಗಿ ಬಂದವು. ಎರಡು ಸೀರೆಯ ಅಂಚು ಹರಿದು ಜೂಲಾಯಿತು. ಸಿದ್ದಾಪುರದ ಬಸ್ಸಿನಲ್ಲಿ ಪಕ್ಕದ ಹುಡುಗಿಯ ದುಪಟ್ಟಾ ಕ್ಲಿಪ್ಪಿಗೆ ಸಿಕ್ಕಿಕೊಂಡು, ಇಬ್ಬರೂ ಬಾಳೆಸರದವರೆಗೆ ಅಂಟಿಕೊಂಡೇ ಕೂತರು. ಉಪನಯನದ ಮನೆಯೊಂದರಲ್ಲಿ ಓರಗಿತ್ತಿ, "ಸುಬ್ಬಕ್ಕ ಸೊಂಟಕ್ಕೆ ಎಂತ ಸಿಕ್ಕಿಸ್ಕಂಡು ಬೈಂದು ನೋಡ್ರೇ, ಬಡಿಸೋರ ಮೂಗು ಕೊಯ್ಯಲಾ?" ಎಂದು ಪಂಕ್ತಿಯನ್ನೇ ನಗಿಸಿದಳು. ಇದನ್ನೆಲ್ಲ ಸುಬ್ಬಲಕ್ಷ್ಮಿ ನುಂಗಿಕೊಂಡಳು. ನುಂಗಲಾರದ್ದು ಒಂದೇ. ದ್ಯಾವಮ್ಮನ ಮಾವಿನ ಕಸಿ ಏಳಲಿಲ್ಲ.

ದ್ಯಾವಮ್ಮ ಹೊಳೆಯಾಚೆಯ ಗದ್ದೆಯವಳು. ಅವಳ ಗದ್ದೆಯಂಚಿನಲ್ಲಿ, ನೀರಿಗೆ ಬಾಗಿದಂತೆ ಒಂದು ಅಪ್ಪೆಮಿಡಿ ಮರವಿತ್ತು. ಅದರ ಮಿಡಿ ಮುರಿದರೆ ಬರುವ ವಾಸನೆ ಜೀರಿಗೆಯದೂ ಅಲ್ಲ, ಕರ್ಪೂರದ್ದೂ ಅಲ್ಲ, ಎರಡೂ ಒಂದನ್ನೊಂದು ನೆನಪು ಮಾಡಿಕೊಂಡಂತೆ. ಮೂವತ್ತು ವರ್ಷದಿಂದ ಮೊದಲ ಬುಟ್ಟಿ ಮಿಡಿ ಸುಬ್ಬಲಕ್ಷ್ಮಿಯ ಭರಣಿಗೆ ಬರುತ್ತಿತ್ತು, ಉಪ್ಪಿನಕಾಯಾಗಿ ಅರ್ಧ ಭರಣಿ ದ್ಯಾವಮ್ಮನ ಮನೆಗೆ ಹೋಗುತ್ತಿತ್ತು. ಈ ಮಳೆಗಾಲದ ನೆರೆ ಮರದ ಬುಡದ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಮರ ಮಲಗಿದಷ್ಟು ವಾಲಿ, ಕರೆಂಟಿನ ತಂತಿಯ ಮೇಲೆ ಬೀಳುವ ಹಾಗಾಯಿತು. ದ್ಯಾವಮ್ಮನ ಮಗ ಮನೋಹರ ಸೋಮವಾರ ಕಡಿಸುವುದೆಂದು ನಿಶ್ಚಯ ಮಾಡಿದ. ಅವನದೂ ತಪ್ಪಲ್ಲ.

"ನನ್ನ ಮರಕ್ಕೊಂದು ಮರಿ ಮಾಡಿಕೊಡು ಸುಬ್ಬಮ್ಮ," ಎಂದು ಅವಳು ಕಸಿ ಕಲಿತು ಬಂದಾಗಲೇ ದ್ಯಾವಮ್ಮ ಕೇಳಿದ್ದಳು. ಆ ಮುದುಕಿ ಮೂವತ್ತು ವರ್ಷದಲ್ಲಿ ಕೇಳಿದ್ದು ಅದೊಂದೇ. ಸುಬ್ಬಲಕ್ಷ್ಮಿ ಮಾತು ಕೊಟ್ಟಿದ್ದಳು. ಮೊದಲ ವರ್ಷ ಅಡುಗೆಮನೆಯ ಚಾಕುವಿನಲ್ಲಿ ಕಟ್ಟಿದ್ದು ಸತ್ತಿತು, ಈ ಜೂನಿನಲ್ಲಿ ಕ್ಲಿಪ್ಪಿನ ಚಾಕುವಿನಲ್ಲಿ ಕಟ್ಟಿದ್ದೂ ಸತ್ತಿತು. ಇನ್ನು ಉಳಿದಿದ್ದು ನಾಳೆಯ ಭಾನುವಾರ ಮಾತ್ರ. ಮರದ ಕಡ್ಡಿಗಳ ಎಲೆಗಳನ್ನು, ತೊಟ್ಟು ಮಾತ್ರ ಉಳಿಸಿ, ಹತ್ತು ದಿನದ ಹಿಂದೆಯೇ ಸವರಿ ಬಂದಿದ್ದಳು, ತುದಿಯ ಚಿಗುರುಗಣ್ಣುಗಳು ಉಬ್ಬಲಿ ಎಂದು.

ಕ್ಲಿಪ್ಪು ಕಿತ್ತ ಚಾಕುವಿನಲ್ಲಿ ಒಂದು ಪೇರಲೆ ಕಡ್ಡಿ ಕೆತ್ತಿ ನೋಡಿದಳು. ಅಂಗೈಗೆ ಏನೂ ಒತ್ತಲಿಲ್ಲ. ಬೆಣೆಯ ಎರಡೂ ಮೈ ನೆಟ್ಟಗೆ, ನುಣ್ಣಗೆ ಬಂತು.

"ಈಗ ಚಾಕು ಇಟ್ಗಳದು ಎಲ್ಲಿ?" ಎಂದ ವೆಂಕಟ್ರಮಣ.

ಅದು ಅವಳಿಗೂ ಗೊತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದರೆ ಜಾರಿತು, ಸೆರಗಿಗೆ ಕಟ್ಟಿದರೆ ಮೊಣಕಾಲಿಗೆ ಬಡಿಯಿತು. "ಕೈಯಲ್ಲೇ ಹಿಡ್ಕಂಡು ಹೋಗ್ತೆ," ಎಂದಳು.

ಭಾನುವಾರ ಬೆಳಗ್ಗೆ ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ವಾಲಿದ ಮರದ ಅರ್ಧ ಮಂಜಿನೊಳಗಿತ್ತು. ದ್ಯಾವಮ್ಮ ದಡದ ಕಲ್ಲಿನ ಮೇಲೆ ಕೂತಿದ್ದಳು. ಮನೋಹರ ಕಾಂಡದ ಬುಡಕ್ಕೆ ಹಗ್ಗ ಬಿಗಿಯುತ್ತಿದ್ದ.

"ನೀವು ಹತ್ತಬ್ಯಾಡಿ ಅಮ್ಮಾ, ನಾ ಕೊಯ್ದು ಕೊಡ್ತೀನಿ. ಬೇರು ಅರ್ಧ ನೀರಾಗೈತೆ."

"ಯಾವ ಕಡ್ಡಿ ಅಂತ ನಿಂಗೊತ್ತಾಗಲ್ಲ ಮನೋಹರ. ಮುಟ್ಟಿದ್ರೆ ತೊಟ್ಟು ಉದುರಬೇಕು. ಅದು ಬೆರಳಿಗೇ ತಿಳಿಯೋದು."

ಸೀರೆ ಎತ್ತಿ ಕಟ್ಟಿ, ಮಲಗಿದ ಕಾಂಡದ ಮೇಲೆ ಕೂತು ಕೂತೇ ಮುಂದೆ ಸರಿದಳು. ಕೆಳಗೆ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರು ನಿಂತು ಮರವೇ ತೇಲಿ ಹೊರಟಂತೆ ಆಯಿತು. ಬನವಾಸಿಯೋ ಸಮುದ್ರವೋ, ಎಲ್ಲಿಗಾದರೂ ಹೋಗಲಿ ಅನ್ನಿಸಿತು. ಒಂದೊಂದೇ ರೆಂಬೆ ಮುಟ್ಟಿದಳು. ತೊಟ್ಟು ಉದುರಿದ್ದನ್ನು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಒಂಬತ್ತು ಕಡ್ಡಿ ಸಿಕ್ಕಿತು.

ಇಳಿಯಲು ಎರಡು ಕೈ ಬೇಕು. ಕಡ್ಡಿಯ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡಳು. ಚಾಕು ಮಡಚಿದಳು. ಎಡಗೈ ಅಭ್ಯಾಸದಂತೆ ನಿರಿಗೆಯ ಹತ್ತಿರ ಹೋಗಿ, ಅಲ್ಲಿ ಕಚ್ಚಿಕೊಳ್ಳುವುದಕ್ಕೆ ಏನೂ ಇಲ್ಲದೆ ಹಿಂದೆ ಬಂತು. ಮನೋಹರ ಸೊಂಟಮಟ್ಟ ನೀರಿಗಿಳಿದು ಕಾಂಡದ ಪಕ್ಕ ಬಂದು ಕೈ ಚಾಚಿದ.

"ಕೊಡಿ ಅಮ್ಮಾ ಚಾಕು."

ಅವಳೂ ಕೈ ಚಾಚಿದಳು. ಇನ್ನು ಒಂದು ಗೇಣು ಇದೆ ಎನ್ನುವಾಗ ಇಬ್ಬರ ಕೈಯೂ ಒಟ್ಟಿಗೇ ನಿಂತವು. ಕತ್ತಿ ಚಾಕು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಆಗುತ್ತದೆ. ಈ ಹೊಳೆಯ ಎರಡೂ ದಡದಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ನೆಲಕ್ಕಿಡುತ್ತಾರೆ, ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

"ಅಲ್ಲೇ ಇಡಿ, ತಗಂತೀನಿ," ಎಂದ ಮನೋಹರ.

ಅವಳು ಅಲ್ಲೇ ಇಟ್ಟಳು, ಪಾಚಿಗಟ್ಟಿದ ತೊಗಟೆಯ ಮೇಲೆ. ಅವನ ಬೆರಳು ಬರುವಷ್ಟರಲ್ಲಿ ಚಾಕು ತಾನಾಗಿ ಅರ್ಧ ಸುತ್ತು ತಿರುಗಿತು, ಮೆಲ್ಲಗೆ ಜಾರಿತು, ಬುಳಕ್ಕೆಂದು ಮುಳುಗಿತು.

ಮನೋಹರ ಮೂರು ಸಲ ಮುಳುಗಿ ಹುಡುಕಿದ. ಮಣ್ಣುನೀರು, ಏನೂ ಕಾಣಲಿಲ್ಲ. "ಕೈಗೇ ಇಸ್ಕಂಡಿದ್ರೆ ಆಗ್ತಿತ್ತು," ಎಂದ ತಲೆ ಒರೆಸಿಕೊಳ್ಳುತ್ತ, ಅಳುಮುಖ ಮಾಡಿ.

"ಆಗ ಜಗಳ ಆಗ್ತಿತ್ತು," ಎಂದಳು ಸುಬ್ಬಲಕ್ಷ್ಮಿ. ನಗಬೇಕೆಂದೇ ಹೇಳಿದ್ದು, ದಡಕ್ಕೆ ಬಂದವಳಿಗೆ ಅಳು ಬಂತು. ಜನ್ಮದಲ್ಲಿ ತನ್ನದು ಅಂತ ಇದ್ದ ಒಂದೇ ಚಾಕು. ನಾಚಿಕೆ ಬಿಟ್ಟು ಅತ್ತಳು.

ದ್ಯಾವಮ್ಮ ಅಳುವಷ್ಟು ಅಳಲು ಬಿಟ್ಟಳು. ಆಮೇಲೆ ಕೇಳಿದಳು. "ಕಡ್ಡಿ ಐತಾ?"

"ಕಡ್ಡಿ ಇದೆ. ಚಾಕಿಲ್ಲ."

"ಕಡ್ಡಿ ಐತಲ್ಲ," ಎಂದಳು ದ್ಯಾವಮ್ಮ.

ಅಂದೇ ಕಟ್ಟಬೇಕು, ಇಲ್ಲದಿದ್ದರೆ ಕಡ್ಡಿ ಬಾಡುತ್ತದೆ. ಸಿದ್ದಾಪುರದ ಅಂಗಡಿಗೆ ಹೋಗೋಣವೆಂದರೆ ಭಾನುವಾರ. ವೆಂಕಟ್ರಮಣ ತನ್ನ ಕತ್ತಿ ಮಸೆದುಕೊಟ್ಟ. ಅದು ಬೆರಳು ದಪ್ಪದ ಕಡ್ಡಿಗೆ ತೀರಾ ಒರಟು. ಗಡ್ಡದ ಬ್ಲೇಡು ಬಾಗಿತು. ಎರಡು ಕಡ್ಡಿ ಹಾಳಾದವು. ಸುಬ್ಬಲಕ್ಷ್ಮಿ ಉಳಿದ ಏಳನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತುಬಿಟ್ಟಳು. ಮೂಲೆಯಲ್ಲಿ ಮೆಟ್ಟುಗತ್ತಿ ಇತ್ತು.

ಎಷ್ಟು ಹೊತ್ತು ಅದನ್ನು ನೋಡಿದಳೋ. ಆಮೇಲೆ ಎದ್ದು ಎಳೆದುಕೊಂಡಳು, ಅಲಗನ್ನು ಬಿಸಿನೀರಲ್ಲಿ ತೊಳೆದಳು, ಮಣೆಯನ್ನು ಕಾಲಿನಿಂದ ಮೆಟ್ಟಿ ಕೂತಳು. ಸುಗ್ಗಿಯಲ್ಲಿ ರಾಶಿ ರಾಶಿ ಅಡಿಕೆ ಸುಲಿದ ಭಂಗಿ. ಬೆನ್ನು ತಾನಾಗಿ ಬಗ್ಗಿತು. ಅಲಗು ಅಲುಗಲಿಲ್ಲ. ಕೈ ಮಾತ್ರ ಆಡಿತು. ಕಡ್ಡಿಯನ್ನು ಅಲಗಿಗೆ ಒತ್ತಿ ಒಂದೇ ಎಳೆತ ಎಳೆದಳು, ತಿರುಗಿಸಿ ಇನ್ನೊಂದು.

ಬೆಣೆಯನ್ನು ಬೆಳಕಿಗೆ ಹಿಡಿದಳು. ಇಷ್ಟು ನೆಟ್ಟಗಿನ ಬೆಣೆ ಅವಳ ಕೈಯಲ್ಲಿ ಎಂದೂ ಬಂದಿರಲಿಲ್ಲ.

"ಇಲ್ಲಿ ಬನ್ನಿ, ಕೊಟ್ಟೆ ಹಿಡ್ಕಳಿ," ಎಂದು ಗಂಡನನ್ನು ಕೂಗಿದಳು. ಅವನು ಕಸಿಗೆಂದು ಬೆಳೆಸಿಟ್ಟಿದ್ದ ಮಾವಿನ ಸಸಿಯ ಪ್ಲಾಸ್ಟಿಕ್ ಕೊಟ್ಟೆಯನ್ನು ಓರೆ ಮಾಡಿ ಹಿಡಿದ, ಅವಳು ತುದಿ ತೆಗೆದ ಸಸಿಯನ್ನು ಅಲಗಿಗೆ ಒತ್ತಿ ಸೀಳಿದಳು, ಬೆಣೆ ಕೂರಿಸಿದಳು, ಪ್ಲಾಸ್ಟಿಕ್ ಪಟ್ಟಿ ಬಿಗಿದಳು, ಮೇಲೊಂದು ಐಸ್‌ಕ್ಯಾಂಡಿಯ ಉದ್ದನೆಯ ಕೊಟ್ಟೆ ಇಳಿಸಿ ದಾರ ಕಟ್ಟಿದಳು. ಏಳನೆಯದಕ್ಕೆ ಬರುವಾಗ ದಾರ ಮುಗಿಯಿತು. ಸುತ್ತ ಕಣ್ಣಾಡಿಸಿದಳು. ಕಿಟಕಿಯ ಕಟ್ಟೆಯ ಮೇಲೆ ಕ್ಲಿಪ್ಪಿತ್ತು. ಅದನ್ನೇ ತಂದು, ಬಾಗಿದ ತುದಿಯನ್ನು ಅದುಮಿ, ಸಸಿಗೆ ಸುತ್ತಿದ ಕೊಟ್ಟೆಯ ಬಾಯಿಗೆ ಸಿಕ್ಕಿಸಿದಳು. ಹಿಡಿದುಕೊಂಡಿತು.

ಸೋಮವಾರ ಇಡೀ ದಿನ ಹೊಳೆಯ ಕಡೆಯಿಂದ ಗರಗಸದ ಸದ್ದು ಬಂತು. ಅವಳು ಹೋಗಲಿಲ್ಲ. ಮಧ್ಯಾಹ್ನದ ನಿದ್ದೆಯಲ್ಲಿ ಚಾಕು ಹೊಳೆಯ ತಳದಲ್ಲಿ ತೆರೆದುಕೊಂಡು ಕೂತಿತ್ತು. ನೀರು ಅದರ ಅಲಗಿಗೆ ತಾಗಿ ಎರಡಾಗಿ, ಮುಂದೆ ಹೋಗಿ ಕೂಡಿಕೊಳ್ಳುತ್ತಿತ್ತು. ಎಡಸೊಂಟ ತಡವಿಕೊಳ್ಳುತ್ತ ಎದ್ದಳು.

ಹತ್ತನೆಯ ದಿನಕ್ಕೆ ಮೂರು ಕಡ್ಡಿ ಕಪ್ಪಾದವು. ಹದಿನೈದಕ್ಕೆ ಇನ್ನೆರಡು. ಬೆಳಗಾದರೆ ಹೋಗಿ ನೋಡುವ ಧೈರ್ಯ ಅವಳಿಗೆ ಉಳಿಯಲಿಲ್ಲ. ವೆಂಕಟ್ರಮಣನೇ ನೋಡಿ ಬಂದು ಚಾ ಕುಡಿಯುತ್ತಿದ್ದ. ಇಪ್ಪತ್ತೆರಡನೆಯ ಬೆಳಗ್ಗೆ ಚಾ ಕುಡಿಯದೆ ಬಂದು ನಿಂತ.

"ಕ್ಲಿಪ್ಪಿಂದು ನೋಡು ಬಾ."

ಕೊಟ್ಟೆಯ ಒಳಗೆಲ್ಲ ಇಬ್ಬನಿ ಕಟ್ಟಿತ್ತು. ಅದರ ನಡುವೆ ಉಗುರಿನಷ್ಟು ದೊಡ್ಡ ಎರಡು ಎಲೆ, ತಾಮ್ರದ ಬಣ್ಣ.

ಅವತ್ತೇ ಹೊಳೆ ದಾಟಿದಳು. ಮರವಿದ್ದ ಜಾಗದಲ್ಲಿ ಬರೀ ಆಕಾಶ. ದ್ಯಾವಮ್ಮ ಅದೇ ಕಲ್ಲಿನ ಮೇಲೆ ಕೂತಿದ್ದಳು. ಸುಬ್ಬಲಕ್ಷ್ಮಿ ಹತ್ತಿರ ಹೋಗಿ, ಅಭ್ಯಾಸಬಲದಿಂದ, ಗಿಡವನ್ನು ಅವಳ ಮುಂದೆ ನೆಲಕ್ಕಿಡಲು ಬಗ್ಗಿದಳು.

"ಕತ್ತಿ ಅಲ್ವಲ್ಲೇ," ಎಂದಳು ದ್ಯಾವಮ್ಮ, ಎರಡೂ ಕೈ ಚಾಚಿ. "ಕೈಗೇ ಕೊಡು."

ಸುಬ್ಬಲಕ್ಷ್ಮಿ ಕೊಟ್ಟಳು. ದ್ಯಾವಮ್ಮ ಗಿಡವನ್ನು ಎದೆಗವಚಿಕೊಂಡು ಗದ್ದೆಯಂಚಿನಲ್ಲಿ ನಿಧಾನಕ್ಕೆ ನಡೆದಳು. ಹೆಜ್ಜೆ ಇಟ್ಟ ಹಾಗೆಲ್ಲ ಅವಳ ಹೆಗಲಿನ ಹತ್ತಿರ ಕ್ಲಿಪ್ಪು ಬಿಸಿಲಿಗೆ ಮಿಂಚುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಮಿಂಚುತ್ತಿತ್ತು.