ಅತ್ತಿಗೆ ತೆಗೆದ ಮೂಳೆ

ಮರಗೆಲಸದ ಅಂಗಡಿಯ ಹಿಂದಿನ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರು ವಾರಗಿತ್ತಿಯರು, ಒಂದು ನಾಯಿ. ಅಣ್ಣ ಕುರ್ಚಿ, ಮೇಜು ಮಾಡುತ್ತಿದ್ದ, ತಮ್ಮ ಅವಕ್ಕೆ ಪಾಲಿಶ್ ಹಾಕುತ್ತಿದ್ದ. ಅಣ್ಣನ ಹೆಂಡತಿಯನ್ನು ಇಡೀ ಬೀದಿ ಅತ್ತಿಗೆ ಎಂದೇ ಕರೆಯುತ್ತಿತ್ತು. ಅವಳಿಗಿಂತ ಹಿರಿಯಳಾದ ಪಕ್ಕದ ಮನೆಯ ದರ್ಜಿಯಮ್ಮನಿಗೂ ಅವಳು ಅತ್ತಿಗೆಯೇ. ತಮ್ಮನ ಹೆಂಡತಿ ಮನೆಗೆ ಕಾಲಿಟ್ಟ ದಿನದಿಂದ ಬರೀ ಚಿಕ್ಕವಳು. ಅನಾಥಾಲಯದಲ್ಲಿ ಬೆಳೆದವಳು, ತವರೆಂಬುದೊಂದು ಇರಲಿಲ್ಲ. ಮುನಿಸಿಕೊಂಡು ಹೊರಡೋಣವೆಂದರೆ ಬೀದಿಯ ಕೊನೆಯಾಚೆ ಹೋಗಲು ಜಾಗವಿರಲಿಲ್ಲ. ಅತ್ತಿಗೆಗೆ ಇದು ಚೆನ್ನಾಗಿ ಗೊತ್ತಿತ್ತು.

ನಾಯಿಯ ಹೆಸರು ದೊರೆ. ಗರಗಸದ ಹೊಟ್ಟಿನ ಮೇಲೆ ಮಲಗಿ ಮರದ ರಾಶಿ ಕಾಯುತ್ತಿತ್ತು. ಊರಿನ ನಾಯಿಗಳಿಗೆ ಹುಚ್ಚು ಬರದ ಹಾಗೆ ಸೂಜಿ ಹಾಕಿಸುತ್ತಾ, ಹಾಕಿಸಿಕೊಂಡ ನಾಯಿಯ ನೆತ್ತಿಗೆ ಗುರುತಿಗೆಂದು ಹಸಿರು ಬಣ್ಣ ಹಚ್ಚುತ್ತಾ ತಿರುಗುವ ಆರೋಗ್ಯ ಇಲಾಖೆಯ ಹೆಂಗಸೊಬ್ಬಳಿದ್ದಳು. ಜನ ಅವಳನ್ನು ಬಣ್ಣದಮ್ಮ ಎನ್ನುತ್ತಿದ್ದರು. ಅವಳು ಈ ಬೀದಿಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ತಡೆದು, ನಮ್ಮ ದೊರೆ ಬೀದಿನಾಯಿಗಳ ಜೊತೆ ಸಾಲಿನಲ್ಲಿ ನಿಲ್ಲುವ ಪೈಕಿಯಲ್ಲ, ನಿನ್ನ ಬಣ್ಣ ಗೋಡೆಗೆ ಬಳಿದುಕೋ ಎಂದು ಕಳಿಸಿದ್ದಳು. ಬೀದಿ ನಕ್ಕಿತ್ತು. ಬೀದಿ ನಕ್ಕರೆ ಅತ್ತಿಗೆಗೆ ಹೊಟ್ಟೆ ತುಂಬಿದಂತೆ.

ಬೇಸಿಗೆಯ ಒಂದು ಮಧ್ಯಾಹ್ನ ದೊರೆಯ ಕೆಳದವಡೆ ಜೋತುಬಿತ್ತು. ಬಾಯಿ ಮುಚ್ಚಲಾಗದು, ಅನ್ನ ನುಂಗಲಾಗದು, ಜೊಲ್ಲು ದಾರದಂತೆ ಇಳಿಯುತ್ತಿತ್ತು. ಬೊಗಳಲಿಲ್ಲ, ಮೈಮೇಲೆ ಬರಲಿಲ್ಲ, ಹುಚ್ಚುನಾಯಿ ಎಂದರೆ ಜನ ನೆನೆಯುವ ಯಾವ ಆಟವನ್ನೂ ಆಡಲಿಲ್ಲ. ಸುಮ್ಮನೆ ಮೂಲೆಯಲ್ಲಿ ಕೂತು ಗಂಟಲಲ್ಲಿ ಗೊರಗೊರ ಅನ್ನುತ್ತಿತ್ತು. ಹುಚ್ಚಿಗೆ ಇಂಥ ಮೂಕ ಮುಖವೂ ಒಂದಿದೆ ಎಂದು ಆ ಮನೆಯಲ್ಲಿ ಯಾರಿಗೆ ತಿಳಿದಿತ್ತು? ಗಂಟಲಿಗೆ ಮೂಳೆ ಸಿಕ್ಕಿದೆ ಎಂದು ಅತ್ತಿಗೆ ತೀರ್ಮಾನಿಸಿದಳು. ಗಂಡಸರು ಕಿಟಕಿ ಕೂಡಿಸಲು ಹೋಗಿದ್ದರು. ಅವಳು ಬಗ್ಗಿ ಒಮ್ಮೆ ನೋಡಿದಳು, ಜೊಲ್ಲಿಗೆ ಅಸಹ್ಯಪಟ್ಟು ಹಿಂದೆ ಸರಿದಳು.

"ನಿನ್ನ ಕೈ ಸಣ್ಣದು. ಒಳಗೆ ಹಾಕಿ ನೋಡೇ."

ಚಿಕ್ಕವಳಿಗೆ ದೊರೆ ಎಂದರೆ ಜೀವ. ಅತ್ತಿಗೆ ಹೇಳದಿದ್ದರೂ ಹಾಕುತ್ತಿದ್ದಳೋ ಏನೋ. ಮಂಡಿಯೂರಿ ಕೂತು, ಮಣಿಕಟ್ಟು ಮುಳುಗುವ ತನಕ ಕೈ ಹಾಕಿ ತಡಕಿದಳು. ಮೂಳೆ ಇರಲಿಲ್ಲ. ಕೈ ಹೊರಗೆಳೆಯುವಾಗ ಹೆಬ್ಬೆರಳ ಬುಡಕ್ಕೆ ಹಲ್ಲು ಗೀರಿತು. ಬಟ್ಟೆಯಲ್ಲಿ ಒರೆಸಿಕೊಂಡು, ನಾಯಿಗೊಂದು ಗೋಣಿ ತರಲು ಒಳಗೆ ಹೋದಳು.

ಅಷ್ಟರಲ್ಲಿ ದರ್ಜಿಯಮ್ಮ ಗೋಡೆಯ ಮೇಲೆ ತಲೆ ಹಾಕಿ ಏನಾಯಿತೆಂದು ಕೇಳಿದಳು. ಅತ್ತಿಗೆ ಸುಮ್ಮನೆ ಕೈ ತೊಳೆದುಕೊಳ್ಳುತ್ತಿದ್ದಳು. ಬಾಯಿಗೆ ಬಂದದ್ದು ಬಂದುಬಿಟ್ಟಿತು. ಮೂಳೆ ಸಿಕ್ಕಿತ್ತು, ನಾನೇ ಕೈ ಹಾಕಿ ತೆಗೆದೆ ಎಂದಳು. ದರ್ಜಿಯಮ್ಮ ಬೆರಗಾಗಿ ಇನ್ನಿಬ್ಬರನ್ನು ಕರೆದಳು. ಮೊದಲ ಸಲ ಹೇಳುವಾಗ ಮೂಳೆ ಬೆರಳುದ್ದವಿತ್ತು, ಗಂಡ ಮನೆಗೆ ಬರುವ ಹೊತ್ತಿಗೆ ಗೇಣುದ್ದ ಬೆಳೆದಿತ್ತು. ಮದುವೆಯಾದಾಗಿನಿಂದ ಹೆಂಡತಿಯನ್ನು ಒಂದು ಮಾತಿಗೂ ಮೆಚ್ಚದ ಆ ಗಂಡ, ಊಟಕ್ಕೆ ಕೂತಾಗ ತಮ್ಮನಿಗೆ, ನಿನ್ನ ಅತ್ತಿಗೆಯ ಗುಂಡಿಗೆ ಗಂಡಸರಿಗೂ ಇಲ್ಲ ಕಣೋ ಎಂದ. ಚಿಕ್ಕವಳು ಬಡಿಸುತ್ತಿದ್ದಳು.

ಮೂಳೆ ಗಂಟಲು ಕೊಯ್ದಿದೆ ಎಂದು ಎಲ್ಲರೂ ಅಂದುಕೊಂಡಿರುವಾಗಲೇ, ಎರಡೇ ದಿನದಲ್ಲಿ ದೊರೆ ಸತ್ತಿತು. ಸುದ್ದಿ ಹೇಗೋ ಬಣ್ಣದಮ್ಮನ ಕಿವಿಗೆ ಬಿತ್ತು, ಅವಳು ಕೈಗವಸು ತೊಟ್ಟ ಇಬ್ಬರನ್ನು ಕರೆತಂದಳು. ಅವರು ತಲೆಯನ್ನು ಕತ್ತರಿಸಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಒಯ್ದರು, ಮುಂಡವನ್ನು ಸುಣ್ಣ ಸುರಿದು ಹೂತರು. ಡಬ್ಬಿ ಹೋದ ದಾರಿಯಲ್ಲೇ ಸುದ್ದಿ ವಾಪಸು ಬಂತು. ಹುಚ್ಚೇ.

ಬಣ್ಣದಮ್ಮ ಅಂಗಡಿಯ ಮುಂದೆ ನಿಂತು ಬೀದಿಯವರನ್ನೆಲ್ಲ ಸೇರಿಸಿದಳು. ಹಿಂದಿನ ಅವಮಾನವನ್ನು ಎತ್ತಲೇ ಇಲ್ಲ. ಈ ರೋಗ ಒಮ್ಮೆ ತಲೆಗೇರಿದರೆ ಮದ್ದಿಲ್ಲ, ಏರುವ ಮುಂಚೆ ಸೂಜಿ ಹಾಕಿಸಿಕೊಂಡರೆ ಭಯವಿಲ್ಲ, ಕಾಸು ಕೊಡಬೇಕಿಲ್ಲ, ನಾಯಿಯ ಬಾಯಿ ಮುಟ್ಟಿದವರು ಯಾರು ಹೇಳಿ ಎಂದಳು. ಯಾರೂ ಯೋಚಿಸಬೇಕಾಗಲಿಲ್ಲ. ಹತ್ತು ಬೆರಳು ಅತ್ತಿಗೆಯ ಕಡೆ ತಿರುಗಿದವು.

ಆಗಲೇ ಅತ್ತಿಗೆ ನಿಜ ಹೇಳಬಹುದಿತ್ತು. ಒಂದೇ ಮಾತು. ಆದರೆ ಒಂದು ಪಕ್ಕ ದರ್ಜಿಯಮ್ಮ, ಇನ್ನೊಂದು ಪಕ್ಕ ಗಂಡ. ಅವನ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಅಕ್ಕರೆ.

"ಹೌದು, ನಾನೇ," ಎಂದಳು.

"ಬೇರೆ ಯಾರಾದರೂ?"

ಚಿಕ್ಕವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅತ್ತಿಗೆ ಅವಳತ್ತ ನೋಡಿದಳು. ಆ ನೋಟ ಆ ಮನೆಯಲ್ಲಿ ಎಷ್ಟೋ ಮಾತುಗಳನ್ನು ಗಂಟಲಲ್ಲೇ ಅದುಮಿದ ನೋಟ. ಚಿಕ್ಕವಳು ಬಾಗಿ ಹೊಸ್ತಿಲು ಗುಡಿಸತೊಡಗಿದಳು.

"ಯಾರೂ ಇಲ್ಲ," ಎಂದಳು ಅತ್ತಿಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯವೆಲ್ಲಿ ಎಂದಾಗ ತರಕಾರಿ ಹೆಚ್ಚುವಾಗ ಆಗಿದ್ದ ಗೀರನ್ನು ತೋರಿಸಿದಳು. ಅವರು ಆ ಗೀರಿನೊಳಕ್ಕೇ ಸೂಜಿ ಇಳಿಸಿದರು. ಬೆಂಕಿ ಇಟ್ಟಂತಾಗಿ ಕಣ್ಣಲ್ಲಿ ನೀರು ಬಂತು. ಆ ನೀರು ಕಂಡು ಗಂಡ ದಾರಿಯಲ್ಲಿ ಹಣ್ಣು ಕೊಡಿಸಿದ. ಅಂದಿನಿಂದ ಅತ್ತಿಗೆ ಕೊಡ ಎತ್ತಲಿಲ್ಲ, ಬಟ್ಟೆ ಒಗೆಯಲಿಲ್ಲ. ಎಲ್ಲವೂ ಚಿಕ್ಕವಳ ತಲೆಗೆ. ಮುಂದಿನ ಸೂಜಿಗಳಿಗೆ ಆಸ್ಪತ್ರೆಗೆ ಹೋಗುವಾಗ ಚೀಲ ಹಿಡಿದುಕೊಂಡು ಜೊತೆಗೆ ನಡೆದವಳೂ ಚಿಕ್ಕವಳೇ.

ಹಾಗೆ ನಡೆಯುವಾಗ ಒಮ್ಮೆ ಅವಳು ಧೈರ್ಯ ಮಾಡಿದಳು.

"ಅಕ್ಕಾ, ನನಗೂ ಬೇಕಾಗುತ್ತೇನೋ. ಇಲ್ಲಿ ಹಲ್ಲು ತಾಗಿತ್ತು, ನೋಡಿ."

"ತಾಗೋದೇ ಬೇರೆ, ಕಚ್ಚೋದೇ ಬೇರೆ. ಈಗ ನೀನು ಹೋಗಿ ಕೈ ಹಾಕಿದ್ದು ನಾನು ಅಂದರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ? ಇರು, ಡಾಕ್ಟರನ್ನ ನಾನೇ ಕೇಳ್ತೀನಿ."

ಚಿಕ್ಕವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದಳು. ಕೇಳಿದ್ದು ನಿಜ. ನಾಯಿಯ ಪಕ್ಕದಲ್ಲಿ ನಿಂತಿದ್ದವರಿಗೂ ಸೂಜಿ ಬೇಕಾಗುತ್ತದೆಯೇ ಎಂದು ಕೇಳಿದಳು. ಬರೀ ನಿಂತಿದ್ದರೆ ಬೇಡ ಎಂದರು ಡಾಕ್ಟರು. ಆ 'ಬೇಡ'ವನ್ನು ಮಾತ್ರ ಎತ್ತಿಕೊಂಡು ಹೊರಗೆ ಬಂದಳು.

"ಕೇಳಿದೆ. ನಿನಗೆ ಬೇಡವಂತೆ."

ಚಿಕ್ಕವಳ ಮುಖ ಅರಳಿತು. ಎಷ್ಟು ದಿನದಿಂದ ಉಸಿರು ಬಿಗಿಹಿಡಿದಿದ್ದಳೋ, ದಾರಿಯುದ್ದಕ್ಕೂ ಮಾತಾಡಿದಳು. ಅತ್ತಿಗೆಗೆ ಅವಳ ಮಾತು ಕೇಳಿ ತಾನು ಹೇಳಿದ್ದೇ ನಿಜವೆನ್ನಿಸತೊಡಗಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕವಳ ಹೆಬ್ಬೆರಳು ಜುಮುಗುಟ್ಟತೊಡಗಿತು. ಇರುವೆ ಹರಿದ ಹಾಗೆ ಎಂದಳು. ಪಾಲಿಶಿನ ಕೈಬಟ್ಟೆ ಒಗೆದು ಹಾಗಾಗಿದೆ ಎಂದು ಅವಳ ಗಂಡ, ಅತ್ತಿಗೆಯ ಮೈದುನ, ಎಣ್ಣೆ ತಿಕ್ಕಿದ. ಆಮೇಲೆ ಜ್ವರ ಬಂತು. ಒಂದು ಬೆಳಿಗ್ಗೆ ಲೋಟ ತುಟಿಗಿಟ್ಟವಳು ಗಂಟಲು ಹಿಂಡಿದಂತಾಗಿ ಅದನ್ನು ಎಸೆದಳು. ಲೋಟ ಉರುಳಿ ಬಂದು ಅತ್ತಿಗೆಯ ಕಾಲ ಬಳಿ ನಿಂತಿತು. ಎಲ್ಲರಿಗಿಂತ ಮೊದಲು ಅವಳಿಗೆ ಅರ್ಥವಾಯಿತು.

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಚಿಕ್ಕವಳನ್ನು ಮಲಗಿಸಿದರು. ಫ್ಯಾನಿನ ಗಾಳಿ ಮುಖಕ್ಕೆ ಬಿದ್ದರೂ ಬಿಲ್ಲಿನಂತೆ ಬಾಗುತ್ತಿದ್ದಳು. ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮೈದುನನಿಗೆ ನಂಬಿಕೆ ಬರಲಿಲ್ಲ. ನಾಯಿಯ ಬಾಯಿಗೆ ಕೈ ಹಾಕಿದ ಅತ್ತಿಗೆ ಗುಂಡುಕಲ್ಲಿನ ಹಾಗಿದ್ದಾಳೆ, ಇವಳಿಗೆ ಹೇಗೆ ಬಂತು ಎಂದ. ಅವರು ಸೂಜಿ ಹಾಕಿಸಿಕೊಂಡರು, ಅದಕ್ಕೆ ಬದುಕಿದರು ಎಂದರು ಡಾಕ್ಟರು. ವಿಚಾರಣೆಗೆ ಬಂದಿದ್ದ ಬಣ್ಣದಮ್ಮ, ಇವಳಿಗೆ ನಾಯಿ ಹೇಗೆ ತಾಗಿತು ಎಂದು ಕೇಳಿದಳು.

ಎಲ್ಲರೂ ಅತ್ತಿಗೆಯನ್ನು ನೋಡಿದರು.

"ನಾಯಿ ಅಂದರೆ ಪ್ರಾಣ ಅವಳಿಗೆ. ಹತ್ತಿರ ಹೋಗಬೇಡ ಅಂತ ಬಡ್ಕೊಂಡೆ. ಕದ್ದುಮುಚ್ಚಿ ಮುದ್ದು ಮಾಡಿರಬೇಕು."

ಮೈದುನ ಗೋಡೆಗೆ ಹಣೆ ಚಚ್ಚಿಕೊಂಡ. ಹೇಳಿದ ಮಾತು ಕೇಳಿದ್ದರೆ ಈ ಗತಿ ಬರುತ್ತಿತ್ತೇ ಎಂದು ಸಾಯುತ್ತಿದ್ದವಳನ್ನೇ ಬೈದ. ಹಾಸಿಗೆಯಲ್ಲಿದ್ದವಳು ಕಣ್ಣು ತೆರೆದು, ಒಂದೊಂದೇ ಮಾತು ಹೊರಡಿಸಿ, ಕೈ ಹಾಕಿದ್ದು ನಾನು, ಅಕ್ಕ ಅಲ್ಲ ಎಂದಳು. ಮೈದುನ ತಲೆ ಎತ್ತಿದ. ಬೆಳಿಗ್ಗೆಯಿಂದ ಹೀಗೇ ಬಡಬಡಿಸುತ್ತಿದ್ದಾಳೆ, ಪಾಪ ಎಂದಳು ಅತ್ತಿಗೆ. ಈ ರೋಗದಲ್ಲಿ ಬುದ್ಧಿ ಆಗಾಗ ಕೈಕೊಡುವುದುಂಟು ಎಂದರು ಡಾಕ್ಟರು. ಬಣ್ಣದಮ್ಮ ಅತ್ತಿಗೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೀದಿಯ ಉಳಿದ ನಾಯಿಗಳ ಕೆಲಸವಿದೆ ಎಂದು ಎದ್ದುಹೋದಳು.

ರೋಗಿಯ ಜೊಲ್ಲು ತಾಗಬಾರದು, ಅದಕ್ಕೆ ಸೂಜಿ ಪೂರ್ತಿಯಾದವರೊಬ್ಬರೇ ಒಳಗಿರಲಿ ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ಅಂಥವಳು ಮನೆಯಲ್ಲಿ ಒಬ್ಬಳೇ. ಗಂಡಸರನ್ನು ಮನೆಗೆ ಕಳಿಸಿ ಬಾಗಿಲೆಳೆದರು.

ಅತ್ತಿಗೆ ಗೋಡೆಗೆ ಅಂಟಿಕೊಂಡು ಕೂತಳು. ಮಂಚಕ್ಕೆ ಕಟ್ಟಿದ ಕೈ, ಒಣಗಿ ಸೀಳಿದ ತುಟಿ. ಕಣ್ಣು ಮುಚ್ಚಿಕೊಂಡರೆ ಉಸಿರಿನ ಸದ್ದು, ತೆರೆದರೆ ಆ ಮುಖ. ಮಧ್ಯಾಹ್ನ ಸೆಳೆತ ನಿಂತು ಚಿಕ್ಕವಳಿಗೆ ತಿಳಿವು ಬಂತು. ಬೈಯುತ್ತಾಳೆಂದು ಅತ್ತಿಗೆ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ನಾನು ಹೇಳಿದರೆ ಅವರು ನಂಬಲ್ಲ. ನೀವೇ ಹೇಳಿಬಿಡಿ ಅಕ್ಕಾ. ಮಾತು ಕೇಳದೆ ಸತ್ತಳು ಅಂತ ಅವರ ಮನಸ್ಸಿನಲ್ಲಿ ಉಳಿಯೋದು ಬೇಡ."

"ಸಂಜೆ ಬರ್ತಾನಲ್ಲ, ಹೇಳ್ತೀನಿ. ನೀನು ಮಲಗು."

"ಆಣೆ?"

"ಆಣೆ."

ಸಂಜೆಯಾಗುವ ಮುಂಚೆಯೇ ಎಲ್ಲ ಮುಗಿಯಿತು. ಅತ್ತಿಗೆ ಬಾಗಿಲು ತೆರೆದಾಗ ಹೊರಗೆ ಗಂಡ, ಮೈದುನ, ದರ್ಜಿಯಮ್ಮ ನಿಂತಿದ್ದರು. ಒಡಹುಟ್ಟಿದವರೂ ಹೀಗೆ ಕೂರುತ್ತಿರಲಿಲ್ಲ ಎಂದು ದರ್ಜಿಯಮ್ಮ ಅವಳ ಕೈ ಹಿಡಿದುಕೊಂಡಳು. ಗಂಡ ಅವಳನ್ನು ಬೆಂಚಿನಲ್ಲಿ ಕೂರಿಸಿದ. ಮೈದುನ ಅವಳ ಕಾಲ ಬಳಿ ಕುಸಿದ.

"ಕೊನೆಗೆ ಏನಾದರೂ ಹೇಳಿದಳಾ, ಅತ್ತಿಗೆ?"

ಅತ್ತಿಗೆ ಬಾಯಿ ತೆರೆದಳು. ಗಂಡನ ಕೈ ಅವಳ ಹೆಗಲ ಮೇಲಿತ್ತು.

"ನೀನು ಊಟ ಮಾಡಿದೆಯಾ ಅಂತ ಕೇಳಿದಳು," ಎಂದಳು.