ಪಾಯಾಳು ಸಾಬವ್ವ

"ಒದಿ ಅಂದ್ರ ಒದಿ. ನಾಳಿ ಭಿವಂಡಿ ಗೋದಾಮಿಗಿ ಎರಡ ಟ್ರಕ್ ಮಾಲ್ ಬರ್ತದ," ಎಂದ ಹಮಾಲ ಹಣಮಂತ್ರಾಯ, ಹೊಸ್ತಿಲಿಗೆ ಅಡ್ಡವಾಗಿ ಬೋರಲು ಮಲಗಿ.

ಹೆಂಡತಿ ಸಾಬವ್ವ ಕಾಲೆತ್ತಲಿಲ್ಲ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು ಅವಳು. ಅಂಥವರನ್ನು ಕಲ್ಯಾಣದ ಈ ಮರಾಠಿ ಚಾಳಿನ ವಠಾರದಲ್ಲಿ ಪಾಯಾಳು ಅನ್ನುತ್ತಾರೆ. ಪಾಯಾಳು ಮೂರು ಸಲ ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ನಂಬಿಕೆ. ಭಾನುವಾರ ಬೆಳಗಾದರೆ ಹಮಾಲರು, ಗವಂಡಿಗಳು, ಒಮ್ಮೊಮ್ಮೆ ಇಸ್ತ್ರಿ ಹಾಕಿದ ಪ್ಯಾಂಟಿನವರೂ ಅವಳ ಬಾಗಿಲಿಗೆ ಬರುತ್ತಿದ್ದರು. ಇಟ್ಟಿಗೆ ಹೊರುವ ಹೆಂಗಸನ್ನು ನಾಲ್ಕು ಜನ ಗೌರವದಿಂದ 'ಬಾಯಿ' ಎನ್ನುತ್ತಿದ್ದುದು ಈ ಒಂದು ಕಾರಣಕ್ಕೆ. ಇವತ್ತೂ ಐದಾರು ಜನ ಸೊಂಟ ಹಿಡಿದು ನಿಂತಿದ್ದರು. ಹೆಂಡತಿ ಗಂಡನಿಗೆ ಒದೆಯುವುದನ್ನು ನೋಡುವ ಉತ್ಸಾಹಕ್ಕೆ ಅವರ ಅರ್ಧ ನೋವು ಆಗಲೇ ಇಳಿದಂತಿತ್ತು.

ನಿನ್ನೆ ಡೊಂಬಿವಲಿಯಲ್ಲಿ, ಉಡುಪಿ ಕಡೆಯ ಡಾಕ್ಟರು ಪುಂಡರೀಕಾಕ್ಷ ಹಣಮಂತ್ರಾಯನ ಬೆನ್ನಿನ ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದಿದ್ದರು. "ಎರಡು ಎಲುಬಿನ ನಡುವೆ ಒಂದು ಮೆತ್ತೆ ಉಂಟಮ್ಮ. ಇವನದ್ದರಲ್ಲಿ ಉರಿಯೂತ ಎದ್ದಿದೆ, ಒಳಗಿನ ಜೀವಕಣಗಳು ಸಾಯ್ತಾ ಉಂಟು. ಸತ್ತದ್ದಕ್ಕೆ ಬದಲಿ ಹುಟ್ಟುವುದು ಭಾರೀ ಕಮ್ಮಿ, ಅಲ್ಲಿಗೆ ರಕ್ತವೇ ಸರಿಯಾಗಿ ಹೋಗುವುದಿಲ್ಲ. ಮೆತ್ತೆ ಒಣಗಿ, ಸೀಳಿ, ನರ ಒತ್ತುತ್ತಾ ಉಂಟು."

"ಹ್ವಾದ ವಾರ ನಾ ಒದ್ದಿದ್ನಿರಿ," ಎಂದಳು ಸಾಬವ್ವ. "ಅದಕ್ಕ ಸತ್ತಾವೇನ್ರಿ?"

"ಇಲ್ಲ ಮಾರಾಯ್ತಿ, ಇದು ಹತ್ತು ವರ್ಷದ ಮೂಟೆಯ ಕೆಲಸ. ಆದ್ರೆ ಇನ್ನೊಂದು ಪೆಟ್ಟು ಬಿದ್ರೆ ಕಾಲೇ ಹೋದೀತು."

ಹಣಮಂತ್ರಾಯನೂ ಅಲ್ಲೇ ಇದ್ದ. ಮಾತೆಲ್ಲ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದಿತ್ತು.

"ಊರ ಮಂದಿಗೆಲ್ಲ ಒದೀತಿ, ಕಟ್ಟಿಕೊಂಡ ಗಂಡಗ ಒದಿಲಾಕ ಏನ್ ಧಾಡಿ?" ಒಳಗಿನಿಂದ ಅತ್ತೆ ಭೀಮಮ್ಮ ಕೂಗಿದಳು.

ಗಂಡನೊಬ್ಬನಿಗೆ ಇಲ್ಲವೆಂದು ಉಳಿದವರಿಗೆ ಒದ್ದಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವರ ಸೊಂಟದೊಳಗೆ ಏನೇನು ಸಾಯುತ್ತಿದೆಯೋ ನೋಡಿದವರು ಯಾರು? ಇಷ್ಟು ವರ್ಷ ಎಷ್ಟು ಜನಕ್ಕೆ ಒದ್ದೆನೋ ಎಂದು ನೆನೆದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇನ್ನ ನಾ ಯಾರಿಗೂ ಒದಿಯಂಗಿಲ್ಲ ಅತ್ತಿ," ಎಂದಳು. ಹೊರಗಿನವರಿಗೂ ಅದನ್ನೇ ತನ್ನ ಹರಕು ಮರಾಠಿಯಲ್ಲಿ ಹೇಳಿ, ದವಾಖಾನೆಗೆ ಹೋಗಿ ಎಂದಳು. ಯಾರೋ ಸೊಕ್ಕು ನೋಡು ಅಂದರು.

"ನನ್ನ ಕೆಲಸ ಹೋಗ್ತದ," ಎಂದ ಹಣಮಂತ್ರಾಯ ನೆಲಕ್ಕೆ ಮುಖವಿಟ್ಟೇ.

"ಹೋಗ್ಲಿ. ಕಾಲ ಹ್ವಾದ್ರ ಯಾರ ಕೊಡ್ತಾರ? ಇಟ್ಟಂಗಿ ಹೊರಲಾಕ ನಾ ಇದ್ದೀನಲ್ಲ."

ಅವನು ಅವಳತ್ತ ಕೈ ಚಾಚಿ, "ಎಬ್ಬಸು," ಎಂದ.

ಸಾಬವ್ವ ಪಕ್ಕದಲ್ಲಿ ಕುಳಿತು ಹೆಗಲು ಕೊಟ್ಟಳು. "ಮೊದಲ ಮಗ್ಗಲಾಗ್ರಿ. ಮೊಣಕಾಲ ಮಡಚ್ರಿ. ಅವಸರ ಬ್ಯಾಡ."

ಹೊರಗೆ ಚಪ್ಪಲಿಗಳ ಸದ್ದು ಓಣಿ ದಾಟಿ ಹೋಗುತ್ತಿತ್ತು. ಅವಳು ಅತ್ತ ನೋಡಲಿಲ್ಲ. ಅವನ ಭಾರವೆಲ್ಲ ಅವಳ ಹೆಗಲ ಮೇಲೆ ಬಿದ್ದಿತ್ತು, ಮತ್ತು ಅವನು ಇಂಚಿಂಚಾಗಿ ಏಳುತ್ತಿದ್ದ.